ಕಾಫಿ ಅಂಗಡಿಗೆ ಹೆದರಿದ ರಾಜ

ಒಬ್ಬ ರಾಜ ಯಾವುದಕ್ಕೆಲ್ಲ ಹೆದರಬಹುದು? ಶತ್ರುವಿನ ಸೈನ್ಯಕ್ಕೆ, ದಂಗೆಗೆ, ಅರಮನೆಯ ಒಳಸಂಚಿಗೆ. ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಕಾಫಿ ಅಂಗಡಿಗೆ ಹೆದರಿದ್ದ! ತಮಾಷೆ ಅಲ್ಲ, ದಾಖಲೆಯಲ್ಲಿರುವ ಸಂಗತಿ. 1675ರ ಡಿಸೆಂಬರ್ 29ರಂದು ಅವನು ಒಂದು ಘೋಷಣೆ ಹೊರಡಿಸಿದ. ಜನವರಿ 10ರಿಂದ ಕಾಫಿ ಅಂಗಡಿಗಳೆಲ್ಲ ಬಂದ್.

ಕಾರಣ ಏನು ಗೊತ್ತಾ? ಜನ ಕೆಲಸ ಬಿಟ್ಟು ಅಲ್ಲಿ ಕಾಲ ಕಳೀತಾರೆ, ಸರ್ಕಾರದ ಹೆಸರು ಕೆಡಿಸುವ ಸುಳ್ಳು ಸುದ್ದಿ ಹಬ್ಬಿಸ್ತಾರೆ ಅಂತ. ಎಲ್ಲೋ ಕೇಳಿದ ಹಾಗಿದೆ ಅಲ್ವಾ?

ಅವನ ಭಯಕ್ಕೆ ಹಿನ್ನೆಲೆ ಇತ್ತು. 1649ರಲ್ಲಿ ಅವನ ಅಪ್ಪ ಮೊದಲನೇ ಚಾರ್ಲ್ಸ್‌ನ ತಲೆಯನ್ನೇ ಕಡಿದಿದ್ದರು. ಮುಂದೆ ಹನ್ನೊಂದು ವರ್ಷ ಆ ದೇಶದಲ್ಲಿ ರಾಜನೇ ಇರಲಿಲ್ಲ. ಲಂಡನ್ನಿನಲ್ಲಿ ಕಾಫಿ ಅಂಗಡಿ ಶುರುವಾಗಿದ್ದು ಅದೇ ಕಾಲದಲ್ಲಿ, 1652ರ ಸುಮಾರಿಗೆ. ಒಂದು ಪೆನ್ನಿ ಕೊಟ್ಟರೆ ಒಂದು ಕಪ್ ಕಾಫಿ, ಜೊತೆಗೆ ಊರಿನ ಸುದ್ದಿಯೆಲ್ಲ. ವ್ಯಾಪಾರಿ, ವಕೀಲ, ಪಾದ್ರಿ ಎಲ್ಲ ಅಕ್ಕಪಕ್ಕ ಕೂರುತ್ತಿದ್ದರು. ಅವರಲ್ಲಿ ಎಷ್ಟೋ ಜನಕ್ಕೆ ಮತದಾನದ ಹಕ್ಕಿರಲಿಲ್ಲ. ಆದರೆ ವಾದ ಮಾಡೋದಕ್ಕೆ ಯಾರಪ್ಪಣೆ ಬೇಕು?

ನನಗೆ ಬಹಳ ಇಷ್ಟವಾದ ಒಂದು ಚಿತ್ರ ಹೇಳ್ತೀನಿ. 1659ರ ಕೊನೆಯಲ್ಲಿ ಜೇಮ್ಸ್ ಹ್ಯಾರಿಂಗ್ಟನ್ ಎಂಬ ಚಿಂತಕನ ಗೆಳೆಯರು ವೆಸ್ಟ್‌ಮಿನ್‌ಸ್ಟರ್‌ನ ಒಂದು ಕಾಫಿ ಅಂಗಡಿಯಲ್ಲಿ ಸಂಜೆ ಸೇರತೊಡಗಿದರು. ಅಲ್ಲೊಂದು ದೊಡ್ಡ ಅಂಡಾಕಾರದ ಮೇಜು. ಅಂಗಡಿಯವನು ಓಡಾಡಿ ಕಾಫಿ ಕೊಡಲಿ ಅಂತ ಅದರ ನಡುವೆ ದಾರಿ ಬಿಟ್ಟಿದ್ದರು. ದೇಶವನ್ನು ಹೇಗೆ ಆಳಬೇಕು ಎಂಬುದೇ ಚರ್ಚೆಯ ವಿಷಯ. ವಾದ ಮುಗಿದ ಮೇಲೆ ಮತಪೆಟ್ಟಿಗೆ ಇಟ್ಟು ತೀರ್ಮಾನ! 1660ರಲ್ಲಿ ಸಭೆ ಚದುರಿತು, ರಾಜ ಮರಳಿ ಬಂದ. ಮರುವರ್ಷ ಹ್ಯಾರಿಂಗ್ಟನ್ ಜೈಲು ಸೇರಿದ.

ಹಾಗಾದರೆ ಕಾಫಿ ಅಂಗಡಿಗಳು ಮುಚ್ಚಿದವಾ? ಇಲ್ಲ. ಮಾಲೀಕರು ಅರ್ಜಿ ಹಿಡಿದು ಓಡಿದರು, ಊರಲ್ಲಿ ಗದ್ದಲವೆದ್ದಿತು. ಜನವರಿ 8ರಂದು, ಅಂದರೆ ಜಾರಿಗೆ ಬರೋದಕ್ಕೆ ಎರಡು ದಿನ ಮೊದಲೇ, ಸರ್ಕಾರ ಆದೇಶ ವಾಪಸ್ ತಗೊಂಡಿತು. ಸರ್ಕಾರವನ್ನು ನಿಂದಿಸುವ ಕಾಗದ, ಮಾತು ಅಂಗಡಿಯೊಳಗೆ ಬರಕೂಡದು ಎಂಬ ಷರತ್ತು ಹಾಕಿತು. ಷರತ್ತು ಕಾಗದದಲ್ಲಿ ಉಳಿಯಿತು, ಮಾತು ಅಂಗಡಿಯಲ್ಲಿ ಉಳಿಯಿತು.

ಜರ್ಮನಿಯ ಚಿಂತಕ ಯೂರ್ಗೆನ್ ಹಾಬರ್ಮಾಸ್ 1962ರ ತಮ್ಮ ಪುಸ್ತಕದಲ್ಲಿ, ಸಾರ್ವಜನಿಕ ಅಭಿಪ್ರಾಯ ರೂಪುಗೊಂಡ ಜಾಗಗಳಲ್ಲಿ ಈ ಅಂಗಡಿಗಳನ್ನೂ ಎಣಿಸಿದರು. ಅವರ ಟೀಕಾಕಾರರು ಕೇಳಿದ ಪ್ರಶ್ನೆಯೂ ಸರಿಯಾದದ್ದೇ: ಆ ಮೇಜಿನ ಸುತ್ತ ಹೆಂಗಸರು ಎಲ್ಲಿದ್ದರು? ಕಾಫಿ ಕೊಡುವ ಕಡೆ ಇದ್ದರು, ವಾದ ಮಾಡುವ ಕಡೆ ಸಾಮಾನ್ಯವಾಗಿ ಇರಲಿಲ್ಲ. ನಮ್ಮ ಅರಳಿಕಟ್ಟೆಯನ್ನೂ ಹೀಗೇ ಕೇಳಬೇಕು. ಎಲ್ಲ ಜಾತಿಯವರೂ ಆ ಕಟ್ಟೆ ಹತ್ತಬಹುದಿತ್ತಾ? ದಲಿತರಿಗೆ ಬೇರೆ ಲೋಟ ಇಟ್ಟಿದ್ದ ಹೋಟೆಲಿನಲ್ಲಿ ನಡೆದದ್ದು ಎಂಥ ಚರ್ಚೆ? ಮಾತಿಗೆ ಬೆಲೆ ಬರೋದು ಕೂರೋದಕ್ಕೆ ಎಲ್ಲರಿಗೂ ಜಾಗ ಸಿಕ್ಕಾಗ.

ವೀಕ್ಷಕರೇ, ಓಟು ಹಾಕೋದು ಐದು ವರ್ಷಕ್ಕೊಂದು ದಿನ. ಯಾರಿಗೆ, ಯಾಕೆ ಅಂತ ಮನಸ್ಸು ಮಾಡೋದು ಉಳಿದೆಲ್ಲ ದಿನಗಳಲ್ಲಿ. ಸ್ಟುಡಿಯೋಗೆ ಬರುವ ವಕ್ತಾರರು ಪಕ್ಷದ ಮಾತನ್ನು ಹೊತ್ತು ಬರುತ್ತಾರೆ. ಕ್ಯಾಮೆರಾ ಮುಂದೆ 'ನೀವು ಹೇಳೋದರಲ್ಲೂ ನ್ಯಾಯ ಇದೆ' ಅನ್ನೋದು ಅವರಿಗೆ ಕಷ್ಟ. ಟೀ ಅಂಗಡಿಯಲ್ಲಿ ನಿಮಗೆ ಅದು ಸಾಧ್ಯ. ಎದುರು ಕೂತವನು ಬೇರೆ ಪಕ್ಷದವನಾದರೂ ನಾಳೆ ಬೆಳಗ್ಗೆ ಮತ್ತೆ ಅದೇ ಬೆಂಚಿನಲ್ಲಿ ಸಿಗುತ್ತಾನೆ. ಆ ದಾಕ್ಷಿಣ್ಯಕ್ಕಾದರೂ ಅವನ ಮಾತನ್ನು ಪೂರ್ತಿ ಕೇಳಬೇಕಾಗುತ್ತೆ.

ನಮ್ಮ ಹಳೇ ಹೋಟೆಲುಗಳಲ್ಲಿ 'ಇಲ್ಲಿ ರಾಜಕೀಯ ಮಾತನಾಡಬಾರದು' ಅಂತ ಬೋರ್ಡ್ ಇರುತ್ತಿತ್ತು. ಅದರ ಕೆಳಗೇ ಕೂತು ಜನ ಸರ್ಕಾರವನ್ನು ಜಾಲಾಡುತ್ತಿದ್ದರು. ಈಗ ಬೋರ್ಡ್ ಕಡಿಮೆಯಾಗಿದೆ. ಆದರೆ ಮನೆಯವರ ವಾಟ್ಸ್ಯಾಪ್ ಗ್ರೂಪಿನಲ್ಲಿ 'ರಾಜಕೀಯ ಬೇಡ' ಅಂತೀವಿ, ಆಮೇಲೆ ನಮ್ಮಂತೆಯೇ ಯೋಚಿಸುವವರ ಗ್ರೂಪಿಗೆ ಹೋಗಿ ಕೂರ್ತೀವಿ. ಚಾರ್ಲ್ಸ್ ರಾಜ ಆಜ್ಞೆ ಹೊರಡಿಸಿಯೂ ಮಾಡಲಾಗದ ಕೆಲಸವನ್ನು ನಾವು ಯಾರೂ ಹೇಳದೆಯೇ ಮಾಡ್ತಿದ್ದೀವಿ.

ಹಾಗಾಗಿ ಇವತ್ತು ರಾತ್ರಿ ಟಿವಿ ಆಫ್ ಮಾಡಿದ ಮೇಲೆ, ನಿಮ್ಮ ಅಭಿಪ್ರಾಯ ಒಪ್ಪದ ಒಬ್ಬರ ಜೊತೆ ಮಾತಾಡಿ. ಗೆಲ್ಲಬೇಕು ಅಂತಲ್ಲ, ಅವರು ಯಾಕೆ ಹಾಗೆ ಯೋಚಿಸ್ತಾರೆ ಅಂತ ತಿಳಿಯೋದಕ್ಕೆ.