ಬೈಕುಲ್ಲಾದ ಫುಟ್‌ಪಾತಿನಲ್ಲಿ ನಡೆದ ಗಣತಿ

1981ರ ಜುಲೈ 13. ಮುಂಬೈಯಲ್ಲಿ ಮುಂಗಾರು ಜೋರಾಗಿದ್ದ ದಿನಗಳು. ಫುಟ್‌ಪಾತಿನ ಮೇಲೆ ಜೋಪಡಿ ಕಟ್ಟಿಕೊಂಡವರನ್ನೆಲ್ಲ ಎಬ್ಬಿಸಿ ಅವರವರ ಊರಿಗೆ ಸಾಗಿಸಲಾಗುವುದು ಎಂದು ಮಹಾರಾಷ್ಟ್ರದ ಅಂದಿನ ಮುಖ್ಯಮಂತ್ರಿ ಎ. ಆರ್. ಅಂತುಳೆ ಪ್ರಕಟಿಸಿದರು. ಹತ್ತು ದಿನ ಕಳೆಯುವಷ್ಟರಲ್ಲಿ ಪಾಲಿಕೆಯವರು ಪೊಲೀಸರೊಂದಿಗೆ ಬಂದು ಜೋಪಡಿ ಕಿತ್ತರು. ಮಳೆಯಲ್ಲಿ ನೆನೆಯುತ್ತಿದ್ದ ಸಂಸಾರಗಳನ್ನು ಬಸ್ಸು ಹತ್ತಿಸಿ ನಗರದಿಂದ ಆಚೆಗೆ ಕಳಿಸಿದರು. ಹಾಗೆ ಹೋದವರಲ್ಲಿ ಅನೇಕರು ಮತ್ತೆ ಅದೇ ಬೀದಿಗೆ ಮರಳಿದರು. ಊರಲ್ಲಿ ಕೂಲಿ ಸಿಗದೆ ಹೊರಟು ಬಂದವರನ್ನು ಅದೇ ಊರಿಗೆ ಕಳಿಸಿದರೆ ಅವರು ಅಲ್ಲಿ ಏನುಂಡು ಬದುಕಬೇಕು?

ಪತ್ರಕರ್ತೆ ಓಲ್ಗಾ ಟೆಲಿಸ್, ನಾಗರಿಕ ಹಕ್ಕುಗಳ ಸಂಘಟನೆಯವರು ಮತ್ತು ಫುಟ್‌ಪಾತ್ ನಿವಾಸಿಗಳು ನ್ಯಾಯಾಲಯದ ಮೊರೆಹೋದರು. ನಾಲ್ಕು ವರ್ಷಗಳ ನಂತರ, 1985ರ ಜುಲೈ 10ರಂದು, ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ನೇತೃತ್ವದ ಐವರ ಸುಪ್ರೀಂ ಕೋರ್ಟ್ ಪೀಠ ತೀರ್ಪು ಕೊಟ್ಟಿತು. ಸಂವಿಧಾನದ 21ನೆಯ ವಿಧಿ ಹೇಳುವ ಬದುಕುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಸೇರಿದೆ ಎಂದಿತು. ಕಾನೂನು ಓದುವವರು ಇಂದಿಗೂ ನೆನೆಯುವ ಮಾತು ಅದು. ಆದರೆ ನೋಟಿಸು ಕೊಟ್ಟು, ಮಳೆಗಾಲ ಮುಗಿಸಿಕೊಂಡು, ಅಕ್ಟೋಬರ್ 31ರ ನಂತರ ತೆರವು ಮಾಡಬಹುದು ಎಂದೂ ಅದೇ ತೀರ್ಪು ಹೇಳಿತು. ಫುಟ್‌ಪಾತಿನ ಹೆಂಗಸರ ಕಿವಿಗೆ ಬಿದ್ದದ್ದು ಆ ತಾರೀಖು ಮಾತ್ರ.

ಸಮಾಜಕಾರ್ಯದ ಚರಿತ್ರೆಯಲ್ಲಿ ಒಂದು ಹೊಸ ದಾರಿ ತೆರೆದುಕೊಂಡದ್ದು ಇದೇ ಹೊತ್ತಿನಲ್ಲಿ, ನಾಗಪಾಡಾ–ಬೈಕುಲ್ಲಾ ಬೀದಿಗಳಲ್ಲಿ. ಈ ವಿದ್ಯೆ ನಮ್ಮ ದೇಶದಲ್ಲಿ ಮೊದಲು ಬೇರು ಬಿಟ್ಟ ಜಾಗವೂ ಇದೇ. 1925ರಲ್ಲಿ ಮುಂಬೈಗೆ ಬಂದ ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್‌ಶಾರ್ಡ್ಟ್ ಕಾರ್ಮಿಕರ ಕೇರಿಯಲ್ಲಿ ನಾಗಪಾಡಾ ನೇಬರ್‌ಹುಡ್ ಹೌಸ್ ಎಂಬ ಸೇವಾಕೇಂದ್ರ ಕಟ್ಟಿದರು. 1936ರಲ್ಲಿ ಅವರೇ ನಿರ್ದೇಶಕರಾಗಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ಆರಂಭವಾಯಿತು. ಮುಂದೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಗಿ ಬೆಳೆದದ್ದು ಅದೇ ಶಾಲೆ.

ಆ ಸಂಸ್ಥೆಯಲ್ಲಿ ಓದಿ, ನಾಗಪಾಡಾದ ಕೇಂದ್ರದಲ್ಲಿ ದುಡಿದಿದ್ದ ಶೀಲಾ ಪಟೇಲ್ ಮತ್ತು ಸಂಗಡಿಗರು 1984ರಲ್ಲಿ ‘ಸ್ಪಾರ್ಕ್’ ಎಂಬ ಸಂಸ್ಥೆ ಹುಟ್ಟುಹಾಕಿದರು. ಬಾಲವಾಡಿ, ಔಷಧಿ, ಹೊಲಿಗೆ ತರಗತಿಗಳಿಂದ ಒಳ್ಳೆಯದಾಗುತ್ತಿತ್ತು, ನಿಜ. ಆದರೆ ಬುಲ್ಡೋಜರ್ ಬಂದಾಗ ಅವು ಯಾವುದೂ ಅಡ್ಡ ನಿಲ್ಲುತ್ತಿರಲಿಲ್ಲ. ಬೈಕುಲ್ಲಾದ ಪಾಲಿಕೆ ದವಾಖಾನೆಯ ಹಿಂದಿದ್ದ ಗ್ಯಾರೇಜೇ ಇವರ ಕಚೇರಿಯಾಯಿತು. ಫುಟ್‌ಪಾತಿನ ಹೆಂಗಸರು ಅಲ್ಲಿ ಬಂದು ಕೂರತೊಡಗಿದರು.

ಅವರೆಲ್ಲ ಸೇರಿ ಮಾಡಿದ ಮೊದಲ ದೊಡ್ಡ ಕೆಲಸ ತಲೆ ಎಣಿಕೆ. ಪಾಲಿಕೆಯ ‘ಇ’ ವಾರ್ಡಿನ ಬೀದಿ ಬೀದಿ ಸುತ್ತಿ ಸುಮಾರು ಆರು ಸಾವಿರ ಸಂಸಾರಗಳ ವಿವರ ಬರೆದುಕೊಂಡರು. ‘ನಾವು, ಕಣ್ಣಿಗೆ ಬೀಳದವರು’ ಎಂಬರ್ಥದ ಹೆಸರಿನಲ್ಲಿ 1985ರಲ್ಲಿ ಹೊರಬಂದ ಆ ವರದಿ ನಗರದ ತಪ್ಪು ತಿಳಿವಳಿಕೆಗಳನ್ನು ಒಂದೊಂದಾಗಿ ಕಳಚಿತು. ಇವರು ನಿನ್ನೆ ಮೊನ್ನೆ ಬಂದವರಲ್ಲ, ಹಲವರು ಹತ್ತಿಪ್ಪತ್ತು ವರ್ಷಗಳಿಂದ ಅದೇ ರಸ್ತೆಯಲ್ಲಿದ್ದರು. ಭಿಕ್ಷುಕರೂ ಅಲ್ಲ, ಹೊರೆ ಹೊರುವ, ಮನೆಗೆಲಸ ಮಾಡುವ, ಬೀದಿ ವ್ಯಾಪಾರ ನಡೆಸುವ ದುಡಿಮೆಗಾರರು. ಊರಲ್ಲಿ ತುಂಡು ಭೂಮಿಯೂ ಇಲ್ಲದವರೇ ಹೆಚ್ಚು. ಕೆಲಸಕ್ಕೆ ನಡೆದೇ ಹೋಗುತ್ತಿದ್ದರು. ದೂರದಲ್ಲಿ ಬಾಡಿಗೆಗೆ ಜಾಗ ಹಿಡಿದರೆ ಬಾಡಿಗೆಯ ಜತೆಗೆ ರೈಲು ಖರ್ಚೂ ಸೇರಿ ಕೂಲಿಯೆಲ್ಲ ಕರಗುತ್ತಿತ್ತು. ಅವರು ಫುಟ್‌ಪಾತನ್ನು ಆರಿಸಿಕೊಂಡದ್ದು ಲೆಕ್ಕ ಹಾಕಿಯೇ.

ಎರಡನೆಯ ಹೆಜ್ಜೆಗೆ ಜೊತೆಯಾದವರು ಕರ್ನಾಟಕದ ಮಣ್ಣಿನವರು. ಕೋಲಾರ ಚಿನ್ನದ ಗಣಿಯ ತಮಿಳು ಕುಟುಂಬದಲ್ಲಿ ಹುಟ್ಟಿದ ಜೋಕಿನ್ ಅರ್ಪುದಂ ಹದಿಹರೆಯದಲ್ಲೇ ಮುಂಬೈ ಸೇರಿ ಜನತಾ ಕಾಲೊನಿಯಲ್ಲಿ ಬದುಕಿದವರು. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಆ ಕಾಲೊನಿಯನ್ನು ನೆಲಸಮ ಮಾಡಿ ಜನರನ್ನು ಚೀತಾ ಕ್ಯಾಂಪಿಗೆ ಸಾಗಿಸಿದ್ದನ್ನು ಅವರು ಕಣ್ಣಾರೆ ಕಂಡಿದ್ದರು, ವರ್ಷಗಟ್ಟಲೆ ಅದರ ವಿರುದ್ಧ ಹೋರಾಡಿದ್ದರು. ಅವರು ಕಟ್ಟಿದ ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟ ಸ್ಪಾರ್ಕ್ ಜೊತೆ ಕೈಜೋಡಿಸಿತು. 1986ರಲ್ಲಿ ಫುಟ್‌ಪಾತಿನ ಹೆಂಗಸರದೇ ‘ಮಹಿಳಾ ಮಿಲನ್’ ಹುಟ್ಟಿತು. ಜೋಕಿನ್ ಅವರಿಗೆ 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, 2018ರಲ್ಲಿ ಅವರು ತೀರಿಕೊಂಡರು.

ಮಹಿಳಾ ಮಿಲನ್ ಮಾಡಿದ್ದನ್ನು ತುಸು ನಿಂತು ನೋಡಬೇಕು. ದಿನದ ಕೂಲಿಯಲ್ಲಿ ಉಳಿದ ಒಂದೆರಡು ರೂಪಾಯಿಯನ್ನು ಒಬ್ಬಾಕೆ ಜೋಪಡಿ ಜೋಪಡಿಗೆ ಹೋಗಿ ಕೂಡಿಸುತ್ತಿದ್ದಳು. ಕಾಯಿಲೆ ಬಂದರೆ, ಗಂಡನ ಕೆಲಸ ಹೋದರೆ ಸಾಲ ಸಿಗುತ್ತಿದ್ದುದು ಅದರಿಂದಲೇ. ಆ ಹಣಕ್ಕಿಂತ ದಿನವೂ ಬಾಗಿಲಿಗೆ ಬರುವ ಆಕೆಯೇ ದೊಡ್ಡ ಆಸ್ತಿ, ಯಾಕೆಂದರೆ ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದು ಅವಳಿಗೆ ಅಂದೇ ಗೊತ್ತಾಗುತ್ತಿತ್ತು. ವಿಳಾಸವಿಲ್ಲ ಎಂದು ರೇಷನ್ ಕಾರ್ಡ್ ನಿರಾಕರಿಸಿದ್ದ ಕಚೇರಿಗೆ ಹೆಂಗಸರು ಗುಂಪಾಗಿ ಹೋಗಿ, ನಿಯಮ ಏನು ಹೇಳುತ್ತದೆ ಎಂದು ಕೇಳಿ, ಅರ್ಜಿ ತುಂಬಿ ಕಾರ್ಡ್ ಪಡೆದರು. ತೆರವಿನ ಗಾಡಿ ಬಂದರೆ ಹಿಂದೆ ಪಾತ್ರೆ ಪಡಗವೂ ಅದರಲ್ಲಿ ಹೋಗುತ್ತಿತ್ತು. ಈಗ ಅಧಿಕಾರಿಗಳ ಜೊತೆ ಮಾತಾಡಿ ಜೋಪಡಿಯನ್ನು ತಾವೇ ಬಿಚ್ಚಿ, ಸಾಮಾನು ಉಳಿಸಿಕೊಳ್ಳುವುದನ್ನು ಕಲಿತರು.

ಆಮೇಲೆ ಅವರು ಮನೆಯ ನಕ್ಷೆಗೆ ಕೈಹಾಕಿದರು. ಅಕ್ಷರ ಬಾರದವರೂ ಸೀರೆಗಳನ್ನು ಹಾಸಿ, ಅಳೆದು, ತಮಗೆ ಬೇಕಾದ ಮನೆ ಎಷ್ಟು ಉದ್ದ, ಎಷ್ಟು ಅಗಲ ಎಂದು ತೋರಿಸಿದರು. ಜಾಗ ಕಡಿಮೆ, ಹಾಗಾಗಿ ಹದಿನಾಲ್ಕು ಅಡಿ ಎತ್ತರದ ಗೋಡೆ ಎಬ್ಬಿಸಿ ಒಳಗೊಂದು ಅಟ್ಟ ಹಾಕಬೇಕು ಎಂಬ ಯೋಚನೆ ಅವರದೇ. ಮಾದರಿ ಮನೆ ಕಟ್ಟಿ, ಪ್ರದರ್ಶನಕ್ಕಿಟ್ಟು ಅಧಿಕಾರಿಗಳನ್ನು ಕರೆದರು. ಅದು ನಿಜದ ಮನೆಯಾಗಲು ಒಂದು ದಶಕಕ್ಕೂ ಮಿಕ್ಕಿ ಕಾಯಬೇಕಾಯಿತು. 1995ರಲ್ಲಿ ಮಹಾರಾಷ್ಟ್ರದ ಕೊಳೆಗೇರಿ ಪುನರ್ವಸತಿ ಯೋಜನೆಯೊಳಕ್ಕೆ ಫುಟ್‌ಪಾತ್ ನಿವಾಸಿಗಳೂ ಸೇರಿದರು. ಬೈಕುಲ್ಲಾದ ಹಲವು ಕುಟುಂಬಗಳು ಮಾನ್‌ಖುರ್ದ್‌ನ ಮಿಲನ್ ನಗರದಲ್ಲಿ ಬೀಗ ಹಾಕಬಹುದಾದ ಬಾಗಿಲನ್ನು ಕಂಡವು.

ಇದೇ ನಗರದಲ್ಲಿ ಇದಕ್ಕೆ ತೀರ ವಿರುದ್ಧವಾದ ದಾರಿಯೂ ಇತ್ತು. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆ ಬೀದಿಯಲ್ಲಿದ್ದವರನ್ನು ಹಿಡಿದು ವರ್ಷಗಟ್ಟಲೆ ಕೂಡಿಹಾಕಲು ಅವಕಾಶ ಕೊಟ್ಟಿತ್ತು. ಕರ್ನಾಟಕದಲ್ಲೂ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಅದೇ ಜಾಡಿನದು. ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಸಾಲು ಸಾಲಾಗಿ ಸಾವು ಸಂಭವಿಸಿದಾಗ ಆ ದಾರಿ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನಾಡು ನೋಡಿತು. ಹಿಡಿದು ತರುವುದು ಸಮಾಜಕಾರ್ಯವಾಗದು. ಕೇಳಿ ತಿಳಿಯುವುದರಿಂದಲೇ ಅದು ಶುರುವಾಗಬೇಕು.

2011ರ ಜನಗಣತಿ ದೇಶದಲ್ಲಿ ಸುಮಾರು 17.7 ಲಕ್ಷ ಮಂದಿ ಮನೆಯಿಲ್ಲದವರನ್ನು ಎಣಿಸಿತು. ಆ ಎಣಿಕೆ ನಡೆದದ್ದು ಫೆಬ್ರವರಿ 28ರ ಒಂದೇ ರಾತ್ರಿ. ಮೇಲ್ಸೇತುವೆಯ ಕೆಳಗೆ, ಮುಚ್ಚಿದ ಅಂಗಡಿಯ ಜಗುಲಿಯಲ್ಲಿ, ಕಟ್ಟಡದ ಕೆಲಸದ ಜಾಗದಲ್ಲಿ ಮಲಗಿದವರನ್ನೆಲ್ಲ ಒಂದು ರಾತ್ರಿಯಲ್ಲಿ ಕಂಡುಹಿಡಿಯಲು ಹೊರಗಿನ ಗಣತಿದಾರರಿಂದ ಆಗದು. ಮುಂದಿನ ಎಣಿಕೆಯಲ್ಲಾದರೂ ಕರ್ನಾಟಕದ ಪ್ರತಿ ಪಾಲಿಕೆ, ಪ್ರತಿ ಪುರಸಭೆ ಬೀದಿಯಲ್ಲಿ ಬದುಕುವವರನ್ನೇ ಗಣತಿಯ ಜೊತೆಗಾರರನ್ನಾಗಿ ಕರೆದುಕೊಳ್ಳಲಿ, ಅವರಿಗೆ ದಿನಗೂಲಿ ಕೊಡಲಿ, ಬರೆದುಕೊಂಡದ್ದನ್ನು ಅವರ ಎದುರಿಗೇ ಓದಿ ಹೇಳಲಿ.