ಇಕ್ಕೇರಿಯ ಶಿಸ್ತು ಮತ್ತು ಬೆಳ್ಳಾರೆಯ ಖಜಾನೆ: ತುಳುನಾಡಿನ ಕಂದಾಯ ನಿರ್ಣಯದ ಇತಿಹಾಸ

ಭೂಮಿಯ ಬೆಲೆಯನ್ನು ನಿರ್ಣಯಿಸಿ ಅದರ ಮೇಲೆ ತೆರಿಗೆ ಕಟ್ಟುವುದು ರಾಜ್ಯಭಾರದ ಅತ್ಯಂತ ಪ್ರಾಚೀನ ಕಾರ್ಯಗಳಲ್ಲಿ ಒಂದಾಗಿದೆ. ಅರಸುಮನೆತನಗಳ ಕಾಳಗಗಳನ್ನು ವಿಸ್ತಾರವಾಗಿ ವರ್ಣಿಸುವ ನಮ್ಮ ಇತಿಹಾಸ ಗ್ರಂಥಗಳು ಈ ವಿಷಯವನ್ನು ನಾಲ್ಕು ಮಾತುಗಳಲ್ಲಿ ಮುಗಿಸಿಬಿಡುತ್ತವೆ. ಆದರೆ ಒಕ್ಕಲಿಗನ ಮನೆಯ ಕಣಜ ತುಂಬಿತೋ ಬರಿದಾಯಿತೋ ಎಂಬುದನ್ನು ಕಾಳಗಕ್ಕಿಂತ ಹೆಚ್ಚಾಗಿ ನಿರ್ಧರಿಸಿದ್ದು ಶಾನುಭೋಗನ ಕಡತವೇ. ಪುತ್ತೂರು, ಸುಳ್ಯ, ಕಡಬ ಸೀಮೆಗಳ ಚರಿತ್ರೆಯಲ್ಲಿ ಈ ಮಾತಿಗೆ ಸ್ಪಷ್ಟವಾದ ನಿದರ್ಶನವಿದೆ. ಇಕ್ಕೇರಿಯ ನಾಯಕರು, ಕೊಡಗಿನ ಹಾಲೇರಿ ಅರಸರು ಎಂಬ ಎರಡು ವೀರಶೈವ ರಾಜಮನೆತನಗಳ ಆಳ್ವಿಕೆಯನ್ನು ಕಂಡ ನಾಡು ಇದಾದುದರಿಂದ, ಈ ವಿಷಯವು ಸಮಾಜದ ಇತಿಹಾಸಾಸಕ್ತರು ವಿಶೇಷವಾಗಿ ಪರಿಶೀಲಿಸತಕ್ಕದ್ದಾಗಿದೆ.

ತುಳುನಾಡಿನ ಹಳೆಯ ಕಂದಾಯ ಪದ್ಧತಿಯನ್ನು ಕುರಿತು ನಮಗೆ ದೊರೆಯುವ ಮುಖ್ಯ ವಿವರಣೆ ಥಾಮಸ್ ಮನ್ರೋನದು. 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಕೆನರಾ ಪ್ರಾಂತ್ಯಕ್ಕೆ ಕಲೆಕ್ಟರನಾಗಿ ಬಂದ ಈತನು, ಸ್ಥಳೀಯರ ಬಳಿಯಲ್ಲಿದ್ದ ಹಳೆಯ ಕಡತಗಳನ್ನು ತರಿಸಿ ನೋಡಿ, 1800ರಲ್ಲಿ ಮದರಾಸಿನ ರೆವಿನ್ಯೂ ಬೋರ್ಡಿಗೆ ವರದಿಗಳನ್ನು ಬರೆದನು. ಭೂಮಿಯ ಅಳತೆ ಈ ಸೀಮೆಯಲ್ಲಿ ವಿಸ್ತೀರ್ಣದಿಂದಲ್ಲ, ಬಿತ್ತುವ ಬೀಜದ ಪ್ರಮಾಣದಿಂದ ನಡೆಯುತ್ತಿತ್ತು. ಇದಕ್ಕೆ ಬೀಜವರಿ ಎಂದು ಹೆಸರು. ವಿಜಯನಗರದ ಹರಿಹರನ ಕಾಲದ ಹಂಚಿಕೆಯನ್ನು ಪರಂಪರೆ ಹೀಗೆ ಹೇಳುತ್ತದೆ: ಹುಟ್ಟುವಳಿಯನ್ನು 30 ಭಾಗ ಮಾಡಿದರೆ ಅದರಲ್ಲಿ 15 ಭಾಗ ಉಳುವವನಿಗೆ, 7½ ಭಾಗ ಭೂಮಿಯ ಒಡೆಯನಿಗೆ, 5 ಭಾಗ ಅರಮನೆಗೆ, ಉಳಿದ 2½ ಭಾಗ ದೇವಸ್ಥಾನಕ್ಕೂ ಬ್ರಾಹ್ಮಣರಿಗೂ ಸಲ್ಲತಕ್ಕದ್ದು. ಅರಮನೆಯ ಪಾಲು ಆರರಲ್ಲಿ ಒಂದಕ್ಕೆ ಮೀರಬಾರದೆಂಬ ಧರ್ಮಶಾಸ್ತ್ರದ ಮಾತಿಗೆ ಈ ಲೆಕ್ಕ ಸರಿಹೊಂದುತ್ತದೆ. ಆಚರಣೆಯಲ್ಲಿ ಇದು ಎಷ್ಟರಮಟ್ಟಿಗೆ ಉಳಿದಿತ್ತೆಂಬುದು ಬೇರೆ ಪ್ರಶ್ನೆ. ಆದರೆ ತೆರಿಗೆಗೆ ಒಂದು ಮೇರೆ ಉಂಟು, ಆ ಮೇರೆಯನ್ನು ಪ್ರಜೆಯೂ ಬಲ್ಲನು ಎಂಬ ಭಾವನೆ ಈ ನಾಡಿನಲ್ಲಿ ಬೇರೂರಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಈ ಮೇರೆಯನ್ನು ಮೊದಲು ಮೀರಿದವರು ಯಾರು ಎಂಬಲ್ಲಿ ಪಕ್ಷಪಾತವಿಲ್ಲದೆ ಸತ್ಯವನ್ನು ಹೇಳಬೇಕಾಗುತ್ತದೆ. ಮನ್ರೋ ಕೊಡುವ ವಿವರದಂತೆ, 1618ರ ಸುಮಾರಿಗೆ ಇಕ್ಕೇರಿಯ ಅರಸರು ಕೆನರಾದ ಹೆಚ್ಚಿನ ಭಾಗದಲ್ಲಿ ಹಳೆಯ ರೇಖೆಯ ಮೇಲೆ ನೂರಕ್ಕೆ 50ರಷ್ಟನ್ನು ಒಮ್ಮೆಗೇ ಏರಿಸಿದರು. ಅದು ಹಿರಿಯ ವೆಂಕಟಪ್ಪನಾಯಕನ ಆಳ್ವಿಕೆಯ ಕಾಲ. ಮಠಮಾನ್ಯಗಳಿಗೆ ಉದಾರವಾಗಿ ಭೂಮಿಯನ್ನು ಬಿಟ್ಟುಕೊಟ್ಟ ಮನೆತನವೇ ಹೀಗೆ ಮಾಡಿತೆಂಬುದು ಭಕ್ತರ ಮನಸ್ಸಿಗೆ ಹಿತವಾಗದಿರಬಹುದು. ಆದರೆ ದಾನಶಾಸನವನ್ನು ಓದುವವರು ಕಂದಾಯದ ಕಡತವನ್ನೂ ಓದದಿದ್ದರೆ ಚರಿತ್ರೆ ಅರ್ಧವೇ ಆಗುತ್ತದೆ.

ಅದೇ ಮನೆತನದ ಶಿವಪ್ಪನಾಯಕನು (1645–1660) ಘಟ್ಟದ ಮೇಲಣ ಸೀಮೆಯಲ್ಲಿ ಕೈಗೊಂಡ ಕ್ರಮವು ಇದಕ್ಕೆ ತೀರ ಭಿನ್ನವಾದುದು. ಅವನು ಪ್ರತಿ ಗ್ರಾಮದಲ್ಲಿಯೂ ಒಂದೊಂದು ತರಗತಿಯ ಒಂದೊಂದು ಗದ್ದೆಯನ್ನು ಹನ್ನೆರಡು ವರ್ಷಗಳ ಕಾಲ ಅರಮನೆಯ ವತಿಯಿಂದಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗಲಿದ ವೆಚ್ಚ, ಬಂದ ಹುಟ್ಟುವಳಿ, ಅದರ ಬೆಲೆ ಇವುಗಳನ್ನು ಬರೆಯಿಸಿದನೆಂದು ಹೇಳಲಾಗಿದೆ. ಬಳಿಕ ಸರಾಸರಿ ತೆಗೆದು, ಭೂಮಿಯನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ತರಗತಿಗಳಾಗಿ ವಿಂಗಡಿಸಿ, ಹುಟ್ಟುವಳಿಯ ಮೂರರಲ್ಲಿ ಒಂದು ಪಾಲನ್ನು ಅರಮನೆಗೆ ನಿಗದಿಪಡಿಸಿದನು. ಅಡಕೆಯ ತೋಟಗಳಿಗೆ ಸುಮಾರು 18 ಅಡಿಯ ಅಳತೆಗೋಲು, ಅಂದರೆ ಒಂದು ಮರಕ್ಕೆ ಬೇಕಾದ ‘ದಾಯ’ವೇ ಪ್ರಮಾಣವಾಯಿತು. ‘ಶಿಸ್ತಿನ ಶಿವಪ್ಪನಾಯಕ’ ಎಂಬ ಬಿರುದು ಜನರ ಬಾಯಲ್ಲಿ ಉಳಿದುದು ಈ ಕಾರಣದಿಂದಲೇ. ಮೂರನೆಯ ಒಂದು ಪಾಲು ಹಗುರವಾದ ತೆರಿಗೆಯೇನೂ ಅಲ್ಲ. ಆದರೂ ಜನ ಅದನ್ನು ಅನ್ಯಾಯವೆಂದು ನೆನೆಯಲಿಲ್ಲ. ಕೇಳುವ ಮೊದಲು ಅರಸನು ತಾನೇ ಉತ್ತು ನೋಡಿದ್ದನು. ಒಳ್ಳೆಯ ವರ್ಷವನ್ನೂ ಕೆಟ್ಟ ವರ್ಷವನ್ನೂ ಒಟ್ಟಿಗೆ ಎಣಿಸಿದ್ದನು. ವೆಂಕಟಪ್ಪನಾಯಕನ ಕಾಲದ ಏರಿಕೆಗೂ ಶಿವಪ್ಪನಾಯಕನ ಶಿಸ್ತಿಗೂ ಇರುವ ಅಂತರವು ಕೇವಲ ಮೊತ್ತದ್ದಲ್ಲ, ವಿಧಾನದ್ದು.

1763ರಲ್ಲಿ ಬಿದನೂರು ಹೈದರಾಲಿಯ ವಶವಾದ ಮೇಲೆ ಹಳೆಯ ಶಿಸ್ತಿನ ಮೇಲೆ ‘ಶಾಮಿಲು’ ಎಂಬ ಹೆಚ್ಚುವರಿಗಳು ಕೂಡುತ್ತ ಹೋದವು. ಕುಂಪಣಿ ಸರಕಾರವು ಬಂದ ಬಳಿಕ 1819–20ರಲ್ಲಿ ಕಲೆಕ್ಟರ್ ಹ್ಯಾರಿಸನು ‘ತರಾವು’ ಎಂಬ ಹೊಸ ನಿರ್ಣಯವನ್ನು ಜಾರಿಗೆ ತಂದನು. ಕುಂಪಣಿಯ ಆಡಳಿತ ಮೊದಲಾದಂದಿನಿಂದ ಪ್ರತಿಯೊಂದು ವರ್ಗದಿಂದ ವಾಸ್ತವವಾಗಿ ವಸೂಲಾದ ಹಣದ ಸರಾಸರಿಯೇ ಇದಕ್ಕೆ ಆಧಾರ. ಇಲ್ಲಿ ಗದ್ದೆಗೆ ಇಳಿದು ನೋಡುವ ಶ್ರಮವಿರಲಿಲ್ಲ. ಬೈಲು, ಮಜಲು, ಬೆಟ್ಟು ಎಂದು ನೀರಿನ ಅನುಕೂಲಕ್ಕೆ ತಕ್ಕಂತೆ ಗದ್ದೆಗಳನ್ನು ಒಕ್ಕಲಿಗರು ವಿಂಗಡಿಸುವ ನಾಡಿನಲ್ಲಿ, ಆ ವಿಂಗಡಣೆಗೆ ಬೆಲೆಯಿಲ್ಲದೆ, ಹಿಂದೆ ಯಾರು ಎಷ್ಟು ಕೊಟ್ಟಿದ್ದರೆಂಬುದೇ ಪ್ರಮಾಣವಾಯಿತು. ಪ್ರಾಮಾಣಿಕನಾಗಿ ತೆತ್ತವನ ಮೇಲೆ ಭಾರ ಉಳಿಯಿತು; ಬಾಕಿ ಉಳಿಸಿಕೊಂಡವನಿಗೆ ಹಗುರವಾಯಿತು. 1830–31ರಲ್ಲಿ ಬೆಲೆಗಳು ಕುಸಿದಾಗ ಕೆನರಾದ ರೈತರು ‘ಕೂಟ’ಗಳಾಗಿ ನೆರೆದು ಕಂದಾಯ ಕೊಡಲು ನಿರಾಕರಿಸಿದರು.

ಇತ್ತ ಅಮರಸುಳ್ಯ, ಪಂಜ, ಬೆಳ್ಳಾರೆ ಮಾಗಣೆಗಳು ಆಗ ಕೊಡಗಿನ ಹಾಲೇರಿ ಅರಸರ ಅಧೀನದಲ್ಲಿದ್ದವು. ಕೊಡಗಿನಲ್ಲಿ 1812ರಲ್ಲಿ ಲಿಂಗರಾಜೇಂದ್ರನು ಮಾಡಿಸಿದ ಭೂಮಿಯ ನಿರ್ಣಯಕ್ಕೂ ‘ಶಿಸ್ತು’ ಎಂದೇ ಹೆಸರು. ಘಟ್ಟದ ಕೆಳಗಿನ ಈ ಮಾಗಣೆಗಳ ಒಕ್ಕಲುಗಳು ಕಂದಾಯವನ್ನು ಧಾನ್ಯದ ರೂಪದಲ್ಲಿ ಸಲ್ಲಿಸುತ್ತಿದ್ದರು. 1834ರಲ್ಲಿ ಕುಂಪಣಿ ಸರಕಾರವು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ, ಈ ಮಾಗಣೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಅಂದಿನಿಂದ ಕಂದಾಯವನ್ನು ನಗದು ರೂಪದಲ್ಲಿಯೇ ಕೊಡಬೇಕೆಂದಾಯಿತು.

ಮೇಲ್ನೋಟಕ್ಕೆ ಇದು ಅಲ್ಪ ಬದಲಾವಣೆ. ಆದರೆ ಇದರ ಪರಿಣಾಮವನ್ನು ವಿಚಾರ ಮಾಡಬೇಕು. ಧಾನ್ಯದಲ್ಲಿ ಕಂದಾಯ ಕೊಡುವವನಿಗೆ ಪೇಟೆಯ ಬೆಲೆಯ ಗೊಡವೆಯಿಲ್ಲ; ಅಕ್ಕಿಯ ಬೆಲೆ ಇಳಿದರೂ ಏರಿದರೂ ಅವನು ಅಳೆಯಬೇಕಾದ ಮುಡಿಗಳ ಸಂಖ್ಯೆ ಒಂದೇ. ನಗದು ಕೊಡಬೇಕಾದವನು ಮೊದಲು ಅಕ್ಕಿಯನ್ನು ಮಾರಬೇಕು. ಕಿಸ್ತಿನ ದಿನ ಸಮೀಪಿಸಿದಾಗ ಊರಿನವರೆಲ್ಲರೂ ಒಮ್ಮೆಗೇ ಮಾರಹೊರಟರೆ ಬೆಲೆ ಬೀಳುವುದು ಸಹಜ. ದಟ್ಟ ಕಾಡು, ಹೊಳೆ, ಕಡಿದಾದ ದಾರಿಗಳ ಈ ಸೀಮೆಯಲ್ಲಿ ಹಣ ಕೈಯಲ್ಲಿದ್ದವನು ಸಾಹುಕಾರನೊಬ್ಬನೇ. ಹೀಗಾಗಿ ಕಡತದಲ್ಲಿ ಒಂದು ಅಂಕಿಯೂ ಬದಲಾಗದೆ ರೈತನ ಹೊರೆ ಹೆಚ್ಚಿತು, ಅವನ ಸಾಲ ಬೆಳೆಯಿತು. ಇದರ ಜೊತೆಗೆ ಉಪ್ಪು, ಹೊಗೆಸೊಪ್ಪುಗಳ ಮೇಲೆ ಕುಂಪಣಿಯ ಏಕಸ್ವಾಮ್ಯವೂ ಸೇರಿತು.

1837ರ ಮಾರ್ಚ್ 30ರಂದು ಕೆದಂಬಾಡಿ ರಾಮಯ್ಯಗೌಡರ ಮುಂದಾಳುತನದಲ್ಲಿ ನೆರೆದ ರೈತರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು. ಅವರು ಮೊದಲು ಕೈಯಿಟ್ಟುದು ಕಂದಾಯದ ಹಣ ಕೂಡಿಟ್ಟ ಮನೆಯ ಮೇಲೆ ಎಂಬುದು ಗಮನಾರ್ಹವಾಗಿದೆ. ಶನಿವಾರಸಂತೆಯ ಪುಟ್ಟಬಸಪ್ಪನನ್ನು ಹಾಲೇರಿ ವಂಶದ ಕಲ್ಯಾಣಸ್ವಾಮಿಯೆಂದು ಮುಂದಿಟ್ಟುಕೊಂಡು ದಂಡು ಪುತ್ತೂರಿನ ಕಡೆಗೆ ನಡೆಯಿತು. ಅಲ್ಲಿಗೆ ಸಿಪಾಯಿಗಳೊಡನೆ ಬಂದಿದ್ದ ಕಲೆಕ್ಟರ್ ಲೆವಿನ್ ಹಿಂದಿರುಗಬೇಕಾಯಿತು. ಏಪ್ರಿಲ್ 5ರಂದು ಮಂಗಳೂರು ಅವರ ಕೈಸೇರಿ, ಹದಿಮೂರು ದಿನಗಳ ಕಾಲ ಅವರ ವಶದಲ್ಲಿತ್ತು. ಮೂರು ವರ್ಷಗಳ ಕಂದಾಯ ಮಾಫಿ, ಉಪ್ಪು ಹೊಗೆಸೊಪ್ಪುಗಳ ಸುಂಕದ ರದ್ದತಿ, ಇವು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಹೊರಟ ನಿರೂಪಗಳ ಸಾರ. ಹೊರಗಿನಿಂದ ಕುಂಪಣಿಯ ಸೈನ್ಯ ಬಂದಾಗ ಏಳಿಗೆ ಮುರಿಯಿತು. ಪುಟ್ಟಬಸಪ್ಪ, ನಂದಾವರದ ಲಕ್ಷ್ಮಪ್ಪ ಬಂಗರಸ ಮೊದಲಾದವರು ಗಲ್ಲಿಗೇರಿದರು. ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯಗೌಡರ ಪ್ರತಿಮೆ ಸ್ಥಾಪಿತವಾದುದು 2022ರಲ್ಲಿ.

ಈ ಏಳಿಗೆಯನ್ನು ಪದಚ್ಯುತ ಅರಸುಮನೆತನದ ಪುನರುತ್ಥಾನದ ಯತ್ನವೆಂದು ಕೆಲವರೂ, ಸ್ವಾತಂತ್ರ್ಯ ಸಂಗ್ರಾಮವೆಂದು ಕೆಲವರೂ ವ್ಯಾಖ್ಯಾನಿಸುವುದುಂಟು. ಜಂಗಮ ವೇಷದ ಒಬ್ಬ ನಾಯಕನಿಗೆ ಬಹುಪಾಲು ಗೌಡ ಒಕ್ಕಲುಗಳೇ ಬೆನ್ನಾಗಿ ನಿಂತುದನ್ನು ನೋಡಿದರೆ, ರಾಜನಿಷ್ಠೆಯೂ ಒಂದು ಕಾರಣವೆಂದು ಒಪ್ಪಬೇಕು. ಆದರೆ ಚಿಕ್ಕವೀರರಾಜೇಂದ್ರನ ಆಳ್ವಿಕೆ ಕ್ರೌರ್ಯಕ್ಕೆ ಹೆಸರಾದುದಾಗಿತ್ತು. ಆತನ ಕಾಲವನ್ನು ಜನ ಮತ್ತೆ ಬಯಸಿದರೆಂದರೆ, ಅವರು ಬಯಸಿದುದು ಅರಸನನ್ನಲ್ಲ, ಅಳತೆಯ ಮುಡಿಯಲ್ಲಿ ತೀರುತ್ತಿದ್ದ ಕಂದಾಯವನ್ನು ಎಂದು ತಿಳಿಯುವುದೇ ಯುಕ್ತ.

ಶರಣರ ಪರಂಪರೆಯಲ್ಲಿ ಭಂಡಾರಕ್ಕೂ ಲೆಕ್ಕಕ್ಕೂ ಇರುವ ಸ್ಥಾನವನ್ನು ಇಲ್ಲಿ ಸ್ಮರಿಸಬಹುದು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ಅರಮನೆಯ ಹಣವನ್ನು ಜಂಗಮ ದಾಸೋಹಕ್ಕೆ ಬಳಸಿದರೆಂಬ ದೂರು ಬಂದಾಗ, ಲೆಕ್ಕದಲ್ಲಿ ಒಂದು ಹಣವೂ ಕಡಿಮೆಯಾಗಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಪುರಾಣಕಾರರು ಇದನ್ನು ಪವಾಡವಾಗಿ ಕಂಡರು. ಅದರ ತಿರುಳು ಮಾತ್ರ ಸರಳವಾದುದು: ಪರರ ದುಡಿಮೆಯಿಂದ ಬಂದುದನ್ನು ಕಾಯುವವನು ಯಾವ ಕ್ಷಣದಲ್ಲಿಯೂ ಲೆಕ್ಕ ಒಪ್ಪಿಸಲು ಸಿದ್ಧನಿರಬೇಕು. ಕಾಯಕವು ಪವಿತ್ರವಾದರೆ ಕಾಯಕದ ಫಲದಲ್ಲಿ ಪಾಲು ಕೇಳುವವನ ಹೊಣೆಯೂ ಅಷ್ಟೇ ಪವಿತ್ರವಾದುದು.

ಇಂದು ಪುತ್ತೂರಿನಲ್ಲಿ ನಗರಸಭೆಯೂ, ಸುಳ್ಯ ಮತ್ತು ಕಡಬಗಳಲ್ಲಿ ಪಟ್ಟಣ ಪಂಚಾಯತುಗಳೂ, ಸುತ್ತಲಿನ ಊರುಗಳಲ್ಲಿ ಗ್ರಾಮ ಪಂಚಾಯತುಗಳೂ ಮನೆ ನಿವೇಶನಗಳ ಮೇಲೆ ತೆರಿಗೆಯನ್ನು ವಿಧಿಸುತ್ತವೆ. ಪಟ್ಟಣಗಳಲ್ಲಿ ಸರಕಾರದ ಮಾರ್ಗಸೂಚಿ ಬೆಲೆಯನ್ನು ಆಧಾರವಾಗಿರಿಸಿಕೊಂಡು ಆಸ್ತಿಯ ಒಡೆಯನೇ ತನ್ನ ತೆರಿಗೆಯನ್ನು ಲೆಕ್ಕ ಹಾಕಿ ಘೋಷಿಸುವ ಸ್ವಯಂ ನಿರ್ಧಾರ ಪದ್ಧತಿ ಈ ಶತಮಾನದ ಆರಂಭದಿಂದ ರೂಢಿಗೆ ಬಂದಿದೆ. ಬೀಜವರಿಯ ಜಾಗಕ್ಕೆ ಚದರಡಿ ಬಂದಿದೆ, ಮುಡಿಯ ಜಾಗಕ್ಕೆ ರೂಪಾಯಿ ಬಂದಿದೆ. ಆದರೂ ಹಳೆಯ ಪ್ರಶ್ನೆ ಬದಲಾಗಿಲ್ಲ. ಕಟ್ಟಿದ ಬೆಲೆ ನೆಲದ ಮೇಲಿನ ವಾಸ್ತವಕ್ಕೆ ಸರಿಹೊಂದುತ್ತದೆಯೆ? ತೆರುವವನ ಕೈಯಲ್ಲಿ ಹಣವಿರುವ ಕಾಲದಲ್ಲಿಯೇ ಅದನ್ನು ಕೇಳಲಾಗುತ್ತಿದೆಯೆ? ಈ ಎರಡು ಪ್ರಶ್ನೆಗಳಲ್ಲಿ ಮೊದಲನೆಯದನ್ನು ಶಿವಪ್ಪನಾಯಕನು ಹನ್ನೆರಡು ವರ್ಷ ಕಾದು ಕೇಳಿದನು. ಎರಡನೆಯದನ್ನು ಕುಂಪಣಿಯ ಅಧಿಕಾರಿಗಳು ಕೇಳಲೇ ಇಲ್ಲ; ಅದಕ್ಕೆ ಉತ್ತರವನ್ನು ಬೆಳ್ಳಾರೆಯ ಒಕ್ಕಲಿಗರು ಕೊಟ್ಟರು.