ಇಪೆ (ಮರಮುಟ್ಟು)

ಇಪೆ ಎಂಬುದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಉಷ್ಣವಲಯದ ಕಾಡುಗಳಲ್ಲಿ ಬೆಳೆಯುವ ಹ್ಯಾಂಡ್ರೋಆಂಥಸ್ ಕುಲದ ಹಲವು ಪ್ರಭೇದಗಳಿಂದ ದೊರೆಯುವ ಅತಿ ಗಟ್ಟಿಯಾದ ಮರಮುಟ್ಟು. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಯುರೋಪಿನಲ್ಲಿ ಮನೆಗೆ ಹೊಂದಿಕೊಂಡಂತೆ ಕಟ್ಟುವ, ಛಾವಣಿಯಿಲ್ಲದ ಮರದ ಜಗಲಿಯನ್ನು 'ಡೆಕ್' ಎನ್ನುತ್ತಾರೆ. ಮಳೆ, ಹಿಮ, ಬಿಸಿಲುಗಳಿಗೆ ಸದಾ ಒಡ್ಡಿಕೊಂಡಿರುವ ಈ ಜಗಲಿಯ ಹಲಗೆಗಳಿಗೆ ಇಪೆಯನ್ನು ಶ್ರೇಷ್ಠವೆಂದು ಪರಿಗಣಿಸಲಾಗುತ್ತದೆ. ಈ ಬೇಡಿಕೆಯೇ ಅದರ ಮೂಲ ಕಾಡುಗಳ ಮೇಲೆ ಒತ್ತಡವನ್ನೂ ತಂದಿದೆ.

ಹೆಸರು ಮತ್ತು ಸಸ್ಯ

'ಇಪೆ' ಎಂಬುದು ಬ್ರೆಜಿಲಿನ ಮೂಲನಿವಾಸಿಗಳ ಟುಪಿ ಭಾಷೆಯಿಂದ ಬಂದ ಪದ. ಪೋರ್ಚುಗೀಸರು ಇದನ್ನು 'ಪೌ ದಾರ್ಕೊ', ಅಂದರೆ ಬಿಲ್ಲಿನ ಮರ ಎಂದು ಕರೆದರು. ಸ್ಥಳೀಯರು ಇದರಿಂದ ಬಿಲ್ಲು ಮಾಡುತ್ತಿದ್ದುದೇ ಅದಕ್ಕೆ ಕಾರಣ. ಹಿಂದೆ ಟಬೆಬುಯಾ ಕುಲಕ್ಕೆ ಸೇರಿದ್ದ ಈ ಮರಗಳನ್ನು 2007ರಲ್ಲಿ ಪ್ರತ್ಯೇಕ ಕುಲಕ್ಕೆ ಸೇರಿಸಲಾಯಿತು. ಬೆಂಗಳೂರಿನ ರಸ್ತೆಬದಿಗಳಲ್ಲಿ ಎಲೆಯುದುರಿಸಿ ಮೈತುಂಬ ಹೂ ಬಿಡುವ ಟಬೆಬುಯಾಗಳು ಇದರ ಬಂಧುಗಳು. ಅವುಗಳ ಜೊತೆಯಲ್ಲಿ ಕಾಣಸಿಗುವ, ನಸುನೇರಳೆ ಹೂವಿನ ಹ್ಯಾಂಡ್ರೋಆಂಥಸ್ ಇಂಪೆಟಿಜಿನೋಸಸ್ ಇಪೆಯ ಪ್ರಭೇದವೇ ಹೌದು. ಇಲ್ಲಿ ಅದನ್ನು ನೆಟ್ಟಿರುವುದು ಹೂವಿನ ಚೆಲುವಿಗಾಗಿ.

ಗುಣಗಳು

ಒಣಗಿದ ಇಪೆ ಒಂದು ಘನ ಮೀಟರಿಗೆ ಸುಮಾರು 1,050 ಕಿ.ಗ್ರಾಂ. ತೂಗುತ್ತದೆ, ಆದ್ದರಿಂದ ನೀರಿನಲ್ಲಿ ಸಾಮಾನ್ಯವಾಗಿ ಮುಳುಗುತ್ತದೆ. ತೇಗದ ತೂಕ ಸುಮಾರು 650 ಕಿ.ಗ್ರಾಂ. ಮಾತ್ರ. ಮರದ ಗಟ್ಟಿತನವನ್ನು ಅಳೆಯುವ ಜಾಂಕಾ ಪರೀಕ್ಷೆಯಲ್ಲಿ ಉಕ್ಕಿನ ಗುಂಡೊಂದನ್ನು ಅರ್ಧದಷ್ಟು ಮರದೊಳಗೆ ಒತ್ತಲು ಎಷ್ಟು ಬಲ ಬೇಕೆಂದು ನೋಡುತ್ತಾರೆ. ತೇಗಕ್ಕೆ ಸುಮಾರು 1,100 ಪೌಂಡ್ ಬಲ ಸಾಕಾದರೆ ಇಪೆಗೆ 3,500 ಪೌಂಡ್ ಬೇಕಾಗುತ್ತದೆ. ಇದರ ಚೇಗು ಶಿಲೀಂಧ್ರಕ್ಕೂ ಗೆದ್ದಲಿಗೂ ಸುಲಭವಾಗಿ ಬಲಿಯಾಗುವುದಿಲ್ಲ. ರಾಸಾಯನಿಕ ಲೇಪವಿಲ್ಲದೆಯೇ ಹೊರಾಂಗಣದಲ್ಲಿ ದಶಕಗಳ ಕಾಲ ಬಾಳುತ್ತದೆ. ಎಣ್ಣೆ ಹಚ್ಚದಿದ್ದರೆ ಕಂದು ಬಣ್ಣ ಕ್ರಮೇಣ ಬೆಳ್ಳಿಬೂದಿಗೆ ತಿರುಗುತ್ತದೆ. ಇದು ಹೊರಮೈಯ ಬದಲಾವಣೆಯೇ ಹೊರತು ಕೊಳೆತವಲ್ಲ.

ಈ ಗಟ್ಟಿತನ ಬಡಗಿಗೆ ತೊಡಕೂ ಹೌದು. ನೇರವಾಗಿ ಮೊಳೆ ಹೊಡೆಯಲಾಗದು. ಮೊದಲೇ ರಂಧ್ರ ಕೊರೆದು ತುಕ್ಕು ಹಿಡಿಯದ ಉಕ್ಕಿನ ತಿರುಪುಗಳನ್ನು ಕೂರಿಸಬೇಕು. ಗರಗಸದ ಹಲ್ಲುಗಳು ಬೇಗ ಮೊಂಡಾಗುತ್ತವೆ. ಕೊಯ್ಯುವಾಗ ಏಳುವ ಹಳದಿ ಧೂಳಿನಲ್ಲಿರುವ ಲಪಾಕಾಲ್ ಎಂಬ ವಸ್ತು ಕೆಲವರ ಚರ್ಮ ಹಾಗೂ ಉಸಿರಾಟಕ್ಕೆ ತೊಂದರೆ ಕೊಡುವುದರಿಂದ ಮುಖಗವಸು ಅಗತ್ಯ. ಹಲಗೆಗಳ ಕತ್ತರಿಸಿದ ತುದಿಗಳು ಸೀಳದಂತೆ ಮೇಣ ಬಳಿಯುವುದು ರೂಢಿ. ಬೇಸಿಗೆಯ ಬಿಸಿಲಿನಲ್ಲಿ ಈ ಹಲಗೆಗಳು ಬರಿಗಾಲಿಗೆ ಸುಡುತ್ತವೆಂಬುದನ್ನು ಮಾರಾಟಗಾರರು ಅಷ್ಟಾಗಿ ಹೇಳುವುದಿಲ್ಲ.

ಕಾಡಿನ ಸ್ಥಿತಿ

ಇಪೆ ತೋಪಿನಂತೆ ಒತ್ತಾಗಿ ಬೆಳೆಯುವ ಮರವಲ್ಲ. ಅಮೆಜಾನ್ ಕಾಡಿನ ಬಹುಭಾಗದಲ್ಲಿ ಕಡಿಯಲು ತಕ್ಕಷ್ಟು ದಪ್ಪನಾದ ಇಪೆ ಹೆಕ್ಟೇರಿಗೆ ಒಂದೂ ಸಿಗುವುದಿಲ್ಲ. ಒಂದು ಮರಕ್ಕಾಗಿ ಕಾಡಿನೊಳಗೆ ದಾರಿ ಕಡಿಯಬೇಕಾಗುತ್ತದೆ. ಆ ದಾರಿಯೇ ಮುಂದೆ ಇತರ ಕಡಿತಕ್ಕೂ ಒತ್ತುವರಿಗೂ ಅನುವಾಗುತ್ತದೆ. ಬ್ರೆಜಿಲಿನ ನಿಯಮಗಳಂತೆ ಯಂತ್ರಗಳಿಂದ ಒಮ್ಮೆ ಕಡಿದ ಕಾಡನ್ನು ಮತ್ತೆ ಕಡಿಯುವ ಮುನ್ನ 25ರಿಂದ 35 ವರ್ಷ ಬಿಡಬೇಕು. ನಿಧಾನವಾಗಿ ಬೆಳೆಯುವ ಇಪೆ ಆ ಅವಧಿಯಲ್ಲಿ ಮೊದಲಿನ ಪ್ರಮಾಣಕ್ಕೆ ಮರಳುವುದಿಲ್ಲವೆಂದು ಅರಣ್ಯಶಾಸ್ತ್ರಜ್ಞರು ತೋರಿಸಿದ್ದಾರೆ.

ಕಾಗದಪತ್ರಗಳಲ್ಲಿಯೂ ಸಮಸ್ಯೆಯಿದೆ. ಕಾಡಿನಲ್ಲಿ ಇಲ್ಲದ ಇಪೆ ಮರಗಳನ್ನು ಗಣತಿಯಲ್ಲಿ ತೋರಿಸಿ, ಅವುಗಳ ಪರವಾನಗಿಯಲ್ಲಿ ಬೇರೆಡೆ ಅಕ್ರಮವಾಗಿ ಕಡಿದ ಮರವನ್ನು ಸಾಗಿಸುವ ವಿಧಾನವನ್ನು ಗ್ರೀನ್‌ಪೀಸ್ ಸಂಸ್ಥೆ 2018ರ ವರದಿಯಲ್ಲಿ ವಿವರಿಸಿತು. ಹೀಗಾಗಿ ಮುದ್ರೆಯಿರುವ ಕಾಗದವೊಂದೇ ಮರದ ಮೂಲಕ್ಕೆ ಸಾಕ್ಷಿಯಾಗದು.

ಕಾನೂನು ಮತ್ತು ಸಾರ್ವಜನಿಕ ಬಳಕೆ

ಅಮೆರಿಕದ ಲೇಸಿ ಕಾಯಿದೆಯನ್ನು 2008ರಲ್ಲಿ ತಿದ್ದಿ, ಅಕ್ರಮವಾಗಿ ಕಡಿದ ಮರದ ವ್ಯಾಪಾರವನ್ನೂ ಅದರ ವ್ಯಾಪ್ತಿಗೆ ತರಲಾಯಿತು. ಕೋನಿ ಐಲೆಂಡಿನ ಸಮುದ್ರತೀರದ ಕಾಲುದಾರಿಗೆ ಇಪೆ ಬಳಸುತ್ತಿದ್ದ ನ್ಯೂಯಾರ್ಕ್ ನಗರವು ಅದೇ ವರ್ಷ ಉಷ್ಣವಲಯದ ಮರಗಳ ಬಳಕೆ ತಗ್ಗಿಸುವುದಾಗಿ ಪ್ರಕಟಿಸಿತು. ಮರದ ಬದಲು ಕಾಂಕ್ರೀಟು ಹಾಕಲು ಹೊರಟಾಗ ಅಲ್ಲಿನ ನಿವಾಸಿಗಳೇ ವಿರೋಧಿಸಿದರು. ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ (ಸೈಟಿಸ್) ಎರಡನೆಯ ಅನುಬಂಧಕ್ಕೆ ಇಪೆಯನ್ನು ಸೇರಿಸುವ ನಿರ್ಣಯ 2022ರಲ್ಲಿ ಪನಾಮದಲ್ಲಿ ಆಯಿತು. 2024ರ ನವೆಂಬರಿನಿಂದ ಜಾರಿಗೆ ಬಂದಿತು. ಇದು ನಿಷೇಧವಲ್ಲ. ರಫ್ತಿಗೆ ಪರವಾನಗಿ ಬೇಕು ಮತ್ತು ಕಡಿತದಿಂದ ಆ ಪ್ರಭೇದದ ಉಳಿವಿಗೆ ಧಕ್ಕೆಯಿಲ್ಲವೆಂದು ರಫ್ತು ಮಾಡುವ ದೇಶ ದೃಢಪಡಿಸಬೇಕು.

ಆಯ್ಕೆ

ವ್ಯಾಪಾರದ ಹೆಸರುಗಳು ಕೊಳ್ಳುವವರ ದಾರಿ ತಪ್ಪಿಸುತ್ತವೆ. ಇಪೆಯನ್ನು 'ಬ್ರೆಜಿಲಿಯನ್ ವಾಲ್ನಟ್' ಎಂದೂ, ಕುಮಾರು ಎಂಬ ಇನ್ನೊಂದು ಮರವನ್ನು 'ಬ್ರೆಜಿಲಿಯನ್ ತೇಗ' ಎಂದೂ ಮಾರುತ್ತಾರೆ. ಒಂದು ಅಕ್ರೋಟಲ್ಲ, ಇನ್ನೊಂದು ತೇಗವಲ್ಲ. ಕುಮಾರು ಸಹ ಈಗ ಅದೇ ಅನುಬಂಧದಲ್ಲಿದೆ. ಆದ್ದರಿಂದ ವೈಜ್ಞಾನಿಕ ಹೆಸರು, ಕಡಿದ ದೇಶ ಮತ್ತು ಅರಣ್ಯ ನಿರ್ವಹಣೆಯ ಪ್ರಮಾಣಪತ್ರವನ್ನು ಕೇಳಿ ತಿಳಿಯುವುದು ಒಳಿತು. ಎಫ್‌ಎಸ್‌ಸಿ ಪ್ರಮಾಣಪತ್ರವಿರುವ ಹಲಗೆಗಳು ದೊರೆಯುತ್ತವೆ. ತೋಟದಲ್ಲಿ ಬೆಳೆಸಿದ ತೇಗ ಒಂದು ಪರ್ಯಾಯ. ಅದರ ಗಟ್ಟಿತನ ಕಡಿಮೆಯಾದರೂ ಹಲಗೆ ಹಿಗ್ಗಿ ಕುಗ್ಗುವುದು ಅಲ್ಪ. ಆದರೆ ಎಳೆಯ ತೇಗದಲ್ಲಿ ಚೇಗಿನ ಪಾಲು ಕಡಿಮೆಯಿರುವುದರಿಂದ ಬಾಳಿಕೆಯೂ ಕುಗ್ಗುತ್ತದೆ. ಹೆಚ್ಚು ಶಾಖ ಕೊಟ್ಟು ಸಂಸ್ಕರಿಸಿದ ಆಶ್ ಮತ್ತು ಅಸಿಟೈಲೀಕರಿಸಿದ ಪೈನ್ ಮರಗಳು ಯುರೋಪಿನಲ್ಲಿ ಬಳಕೆಗೆ ಬಂದಿವೆ. ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿದ ಹಲಗೆಗಳಿಗೆ ಎಣ್ಣೆ ಬೇಕಿಲ್ಲ. ಆದರೆ ಅವು ಬಿಸಿಲಿಗೆ ಹೆಚ್ಚು ಹಿಗ್ಗುತ್ತವೆ, ಬಾಳಿಕೆ ಮುಗಿದ ಮೇಲೆ ಮಣ್ಣಿನಲ್ಲಿ ಕರಗುವುದೂ ಇಲ್ಲ.